ಧರ್ಮಾ ಕಾಲುವೆಯ ವರ್ಷದ ಖರ್ಚು ಯಾರ ಜೇಬಿನಿಂದ?

ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕೆರೆಗಳಿಗೆ ನೀರು ತರುವ ಧರ್ಮಾ ಕಾಲುವೆಯ ಬಗ್ಗೆ ಕೇಳಿಬರುವ ಬೇಡಿಕೆ ಒಂದೇ. ಹೂಳು ತೆಗೆಸಿ, ದುರಸ್ತಿ ಮಾಡಿಸಿ, ಅನುದಾನ ಕೊಡಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಆ ದುಡ್ಡು ಯಾವ ಲೆಕ್ಕದಲ್ಲಿ ಬರಬೇಕು, ಯಾವ ತಿಂಗಳಲ್ಲಿ ಬರಬೇಕು, ಯಾರ ಕೈಗೆ ಬರಬೇಕು ಅನ್ನುವ ಚರ್ಚೆ ಅಷ್ಟಾಗಿ ನಡೆಯುವುದಿಲ್ಲ. ನನ್ನ ಪ್ರಕಾರ ಕಾಲುವೆ ಉಳಿಯುವುದು ಬಿಡುವುದು ಈ ಮೂರು ಪ್ರಶ್ನೆಗಳ ಮೇಲೇ ನಿಂತಿದೆ.

ಧರ್ಮಾ ದೊಡ್ಡ ನದಿಯಲ್ಲ. ಉತ್ತರ ಕನ್ನಡದ ಕಾಡಂಚಿನಿಂದ ಇಳಿದು, ಹಾನಗಲ್ ಪಕ್ಕದಲ್ಲೇ ಹಾದು, ಮುಂದೆ ವರದಾ ನದಿಯನ್ನು ಸೇರುತ್ತದೆ. ವರದೆ ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುತ್ತದೆ. ಮಳೆಗಾಲದಲ್ಲಿ ಕೆಂಪಗೆ ತುಂಬಿ ಹರಿಯುವ ಈ ಹೊಳೆ ಬೇಸಿಗೆಯಲ್ಲಿ ಸೊರಗಿಬಿಡುತ್ತದೆ. ಅದಕ್ಕೇ ಹಿಂದಿನವರು, ನೀರು ಇರುವಾಗಲೇ ಹೊಳೆಯಿಂದ ಕಾಲುವೆ ತೆಗೆದು ಊರೂರಿನ ಕೆರೆ ತುಂಬಿಸಿಟ್ಟುಕೊಳ್ಳುವ ದಾರಿ ಹುಡುಕಿದರು. ಇಂಗ್ಲಿಷರ ಆಡಳಿತ ಈ ಕಡೆಗೆ ಬರುವ ಮುಂಚಿನಿಂದಲೂ ನಡೆದುಬಂದ ರೂಢಿ ಇದು. ಸ್ವಾತಂತ್ರ್ಯ ಬಂದ ಮೇಲೆ ಮುಂಡಗೋಡ ತಾಲ್ಲೂಕಿನ ಮಳಗಿ ಬಳಿ ಹೊಳೆಗೆ ಜಲಾಶಯ ಕಟ್ಟಿದರು. ಹೊಳೆಯ ನೀರನ್ನು ಹಿಡಿದಿಟ್ಟು, ಬೇಕಾದಾಗ ಕೆಳಕ್ಕೆ ಬಿಡಲು ಅನುಕೂಲವಾಯಿತು.

ಈ ಏರ್ಪಾಟಿನಲ್ಲಿ ಪಂಪ್ ಇಲ್ಲ, ಕರೆಂಟ್ ಬಿಲ್ ಇಲ್ಲ. ನೀರು ಇಳಿಜಾರು ನೋಡಿಕೊಂಡು ತಾನಾಗೇ ಹೋಗುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತದೆ. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬಾವಿ, ಬೋರ್‌ವೆಲ್ ಜೀವ ಹಿಡಿಯುತ್ತವೆ. ದನಕರುಗಳಿಗೆ ಕುಡಿಯಲು ಸಿಗುತ್ತದೆ, ಮೀನು ಬೆಳೆಯುತ್ತದೆ. ಹಾನಗಲ್ ಮಲೆನಾಡಿನ ಸೆರಗಿನಲ್ಲಿದೆ, ಅಲ್ಲಿ ಮಳೆ ಜಾಸ್ತಿ ಅಲ್ವಾ, ಕಾಲುವೆಯ ಹಂಗು ಯಾಕೆ ಅಂತ ಕೆಲವರು ಕೇಳುತ್ತಾರೆ. 2023ನ್ನು ನೆನಪಿಸಿಕೊಳ್ಳಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು. ಮಳೆ ಕೈಕೊಟ್ಟಾಗ ಬಂದಷ್ಟು ನೀರನ್ನು ಹಿಡಿದು ಕೆರೆಗೆ ತಲುಪಿಸುವ ದಾರಿ ಸರಿಯಿದ್ದವರು ಮಾತ್ರ ಬಚಾವಾಗುತ್ತಾರೆ. ಇನ್ನು 2019ರ ಆಗಸ್ಟ್‌ನಂಥ ನೆರೆ ಬಂದಾಗ, ಹೂಳು ತುಂಬಿದ ಕಾಲುವೆಗೆ ನೀರನ್ನು ಹೊರುವ ಶಕ್ತಿ ಇರುವುದಿಲ್ಲ. ನೀರು ದಂಡೆ ಒಡೆದು ಹೊಲಕ್ಕೆ ನುಗ್ಗುತ್ತದೆ. ಕಾಲುವೆ ಚೊಕ್ಕಟವಾಗಿರಬೇಕು ಅನ್ನುವುದು ಬರಕ್ಕೂ ಬೇಕು, ನೆರೆಗೂ ಬೇಕು.

ಹಳೇ ಕಾಲದಲ್ಲಿ ದುಡ್ಡು ಎಲ್ಲಿಂದ ಬರುತ್ತಿತ್ತು?

ನಮ್ಮ ಕಡೆಯ ಶಾಸನಗಳನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ ಆ ಕೆರೆಯನ್ನು ನೋಡಿಕೊಳ್ಳಲು ಬಿಟ್ಟ ಭೂಮಿಯ ವಿವರವೂ ಇರುತ್ತದೆ. ಬಿತ್ತುವಟ್ಟ, ಕೆರೆಗೊಡಗೆ ಅಂತ ಕರೆದದ್ದು ಇದನ್ನೇ. ಆ ಹೊಲದ ಹುಟ್ಟುವಳಿಯಿಂದಲೇ ಏರಿಗೆ ಮಣ್ಣು ಹಾಕಬೇಕು, ಹೂಳು ತೆಗೆಸಬೇಕು, ತೂಬು ಸರಿ ಇಡಬೇಕು. ಅಂದರೆ ಕಟ್ಟುವ ದಿನವೇ ಮುಂದಿನ ನೂರು ವರ್ಷದ ಖರ್ಚಿಗೂ ದಾರಿ ಮಾಡಿಡುತ್ತಿದ್ದರು. ಹಾವೇರಿ ಜಿಲ್ಲೆಯಲ್ಲೇ ಇರುವ, ಕುಮದ್ವತಿ ಹೊಳೆಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ ಮಾಸೂರು ಕೆರೆಯನ್ನು ನೋಡಲು ಹೋದವರು ಕಲ್ಲುಗಳ ಗಾತ್ರ ನೋಡಿ ಬೆರಗಾಗುತ್ತಾರೆ. ನನಗೆ ಕಲ್ಲಿಗಿಂತ ದೊಡ್ಡದಾಗಿ ಕಾಣುವುದು ಅಂಥ ಕೆಲಸಗಳ ಹಿಂದಿದ್ದ ಈ ಮುಂದಾಲೋಚನೆ.

ಆಮೇಲೆ ಆಡಳಿತ ಬದಲಾಯಿತು. ನೀರು ಸರ್ಕಾರದ್ದಾಯಿತು, ನೀರಿನ ಕರ ಖಜಾನೆಗೆ ಹೋಗತೊಡಗಿತು. ಧಾರವಾಡ ಸೀಮೆಗೆ 1879ರ ಬಾಂಬೆ ನೀರಾವರಿ ಕಾಯ್ದೆ ಬಂತು. ಏಕೀಕರಣದ ನಂತರ 1965ರ ರಾಜ್ಯ ನೀರಾವರಿ ಕಾಯ್ದೆ ಬಂತು. ಇಲಾಖೆ ಬಂದದ್ದರಿಂದ ಒಳ್ಳೆಯದೂ ಆಗಿದೆ. ಜಲಾಶಯದಂಥ ಕೆಲಸ ಒಂದು ಊರಿನ ಕೈಯಲ್ಲಿ ಆಗುವಂಥದ್ದಲ್ಲ. ಆದರೆ ಕಾಲುವೆಯ ಖರ್ಚಿಗೆ ಅಂತಲೇ ಮೀಸಲಾಗಿದ್ದ ಆದಾಯದ ಮೂಲ ಕಡಿದುಹೋಯಿತು. ಅಲ್ಲಿಂದೀಚೆಗೆ ಕಾಲುವೆಯ ದುಡ್ಡು ಬಜೆಟ್ಟಿನಲ್ಲಿ ರಸ್ತೆ, ಶಾಲೆ, ಸಂಬಳಗಳ ಜೊತೆ ಸಾಲಿನಲ್ಲಿ ನಿಲ್ಲಬೇಕಾಯಿತು. ಆ ಸಾಲಿನಲ್ಲಿ ಹೂಳು ತೆಗೆಯುವ ಕೆಲಸ ಯಾವಾಗಲೂ ಹಿಂದೆಯೇ ಉಳಿಯುತ್ತದೆ.

ಎಕರೆಗೆ ನೂರು ರೂಪಾಯಿ

ಈಗ ಅಂಕಿಗಳನ್ನು ನೋಡೋಣ. ಕರ್ನಾಟಕದಲ್ಲಿ 2000ನೇ ಇಸವಿಯ ಜುಲೈನಿಂದ ಜಾರಿಗೆ ಬಂದ ನೀರಿನ ದರ ಭತ್ತಕ್ಕೆ ಎಕರೆಗೆ 100 ರೂಪಾಯಿ, ಕಬ್ಬಿಗೆ 400 ರೂಪಾಯಿ. ಹತ್ತು ಹದಿನೈದು ವರ್ಷ ಕಳೆದರೂ ಅದೇ ದರ ನಡೆಯಿತು. ಆ ಅವಧಿಯಲ್ಲಿ ಡೀಸೆಲ್, ಸಿಮೆಂಟು, ಕೂಲಿ ಎಲ್ಲದರ ಬೆಲೆ ಎಲ್ಲಿಗೆ ಹೋಯಿತು ಅನ್ನುವುದು ಎಲ್ಲರಿಗೂ ಗೊತ್ತು.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. ದೊಡ್ಡ ಮತ್ತು ಮಧ್ಯಮ ನೀರಾವರಿ ಯೋಜನೆಗಳನ್ನು ಸುಸ್ಥಿತಿಯಲ್ಲಿ ಇಡಬೇಕಾದರೆ ನೀರು ಉಣ್ಣುವ ಪ್ರತಿ ಹೆಕ್ಟೇರಿಗೆ ವರ್ಷಕ್ಕೆ 1,175 ರೂಪಾಯಿ ಬೇಕು ಅಂತ 13ನೇ ಹಣಕಾಸು ಆಯೋಗ ಲೆಕ್ಕ ಹಾಕಿತ್ತು. ಅದು 2010ರಿಂದ 2015ರ ಅವಧಿಗೆ ಕೊಟ್ಟ ಲೆಕ್ಕ. ಎಕರೆಗೆ ಇಳಿಸಿದರೆ ಸುಮಾರು 475 ರೂಪಾಯಿ. ಭತ್ತದ ರೈತರಿಂದ ಕೇಳುತ್ತಿದ್ದದ್ದು ಅದರ ಐದನೇ ಒಂದು ಪಾಲು. ಅದೂ ಪೂರ್ತಿ ವಸೂಲಾದರೆ! ವಸೂಲಾದ ದುಡ್ಡು ಕೂಡ ಅದೇ ಕಾಲುವೆಗೆ ವಾಪಸ್ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಖಜಾನೆಗೆ ಹೋದದ್ದು ಖಜಾನೆಯ ಲೆಕ್ಕ.

ಹಾಗಂತ ದರ ಏರಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ಕಾಲುವೆಯ ತುದಿಯ ಊರಿನಲ್ಲಿ ಯಾರನ್ನಾದರೂ ಕೇಳಿ. "ರೊಕ್ಕ ಕೊಡಾಕ ನಾವೇನ್ ಒಲ್ಲೆ ಅನ್ನಂಗಿಲ್ರೀ, ಮೊದಲ ನೀರ ಬರ್ಲಿ" ಅನ್ನುವ ಉತ್ತರ ಬರುತ್ತದೆ. ಈ ಮಾತಿನಲ್ಲಿ ತಪ್ಪು ಹುಡುಕಲು ಸಾಧ್ಯವೇ ಇಲ್ಲ. ನೀರು ತಲುಪದಿದ್ದರೆ ಕರ ಕಟ್ಟುವ ಮನಸ್ಸು ಬರುವುದಿಲ್ಲ. ಕರ ಬರದಿದ್ದರೆ ದುರಸ್ತಿ ಆಗುವುದಿಲ್ಲ. ದುರಸ್ತಿ ಆಗದಿದ್ದರೆ ಮುಂದಿನ ವರ್ಷ ನೀರು ಇನ್ನೂ ಒಂದು ಊರು ಮೊದಲೇ ನಿಂತುಬಿಡುತ್ತದೆ. ಈ ಸುತ್ತನ್ನು ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಕತ್ತರಿಸಬೇಕಾದ ಜಾಗ ರೈತರ ಕಡೆಯದಲ್ಲ. ಮೊದಲು ನೀರು ತಲುಪಿಸಿ ಆಮೇಲೆ ದುಡ್ಡು ಕೇಳುವುದೇ ಸರಿಯಾದ ಕ್ರಮ.

ಏಪ್ರಿಲ್ ತಿಂಗಳ ಕಷ್ಟ

ದುಡ್ಡಿನ ಮೊತ್ತಕ್ಕಿಂತ ದೊಡ್ಡ ಸಮಸ್ಯೆ ದುಡ್ಡು ಬರುವ ಕಾಲದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಾಲುವೆಯೊಳಗೆ ಇಳಿದು ಕೆಲಸ ಮಾಡಲು ಸಿಗುವ ಕಾಲ ಬಹಳ ಕಡಿಮೆ. ಕಾಲುವೆ ಒಣಗಿರಬೇಕು, ಪಕ್ಕದ ಹೊಲದಲ್ಲಿ ಪೈರು ಇರಬಾರದು, ಟ್ರ್ಯಾಕ್ಟರ್ ಓಡಾಡುವಂತಿರಬೇಕು. ಇದೆಲ್ಲ ಕೂಡಿಬರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಜೂನ್ ಮೊದಲ ವಾರ ಮಳೆ ಹಿಡಿದರೆ ಮುಗಿಯಿತು.

ಸರ್ಕಾರದ ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹಳೇ ವರ್ಷದ ದುಡ್ಡು ಅಲ್ಲಿಗೆ ನಿಂತಿತು. ಹೊಸ ವರ್ಷದ ದುಡ್ಡಿಗೆ ಕ್ರಿಯಾಯೋಜನೆ ತಯಾರಾಗಬೇಕು, ಮಂಜೂರಾಗಬೇಕು, ಅಂದಾಜುಪಟ್ಟಿ ಆಗಬೇಕು, ಟೆಂಡರ್ ಕರೆಯಬೇಕು. ಸರ್ಕಾರಿ ಖರೀದಿ, ಕಾಮಗಾರಿಗಳಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರಿಗೆ ಇಷ್ಟು ದಿನ ಅಂತ ಕಾಲಾವಕಾಶ ಕೊಡಲೇಬೇಕು. ಅದು ಸರಿಯಾದ ಕಾನೂನೇ, ದುಡ್ಡು ಪೋಲಾಗದಿರಲಿ ಅಂತ ಮಾಡಿದ್ದು. ಆದರೆ ಎಲ್ಲ ಮುಗಿದು ಕೆಲಸದ ಆದೇಶ ಕೈಗೆ ಬರುವಷ್ಟರಲ್ಲಿ ಕಾಲುವೆಯಲ್ಲಿ ನೀರು ಬಂದಿರುತ್ತದೆ. ಆಗ ಎರಡೇ ದಾರಿ. ಕೆಲಸವನ್ನು ಮುಂದಿನ ಬೇಸಿಗೆಗೆ ಹಾಕಬೇಕು, ಇಲ್ಲವೇ ಕೆಸರಿನಲ್ಲೇ ತರಾತುರಿಯಲ್ಲಿ ಮುಗಿಸಬೇಕು. ಎರಡರಲ್ಲೂ ನಷ್ಟ ರೈತರದ್ದೇ.

ಹಂಚಿನ ಮನೆಯಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗಾಲದ ಮುಂಚೆ ಒಡೆದ ಹಂಚು ತೆಗೆದು ಹೊಸದು ಹೊದಿಸಲು ಸ್ವಲ್ಪ ದುಡ್ಡು ಸಾಕು, ಆದರೆ ಅದು ಆಗಲೇ ಕೈಯಲ್ಲಿರಬೇಕು. ಆಗಸ್ಟ್‌ನಲ್ಲಿ ಎಷ್ಟು ದುಡ್ಡು ಬಂದರೂ ಗೋಡೆ ನೆನೆದಿರುತ್ತದೆ.

ಇದಕ್ಕೇ ನಾನು ಹೇಳುವುದು, ಕಾಲುವೆಯ ಖರ್ಚಿಗೆ ಅಂತಲೇ ಊರಿನವರು ಸೇರಿಸಿಟ್ಟುಕೊಳ್ಳುವ ಒಂದು ಸ್ಥಳೀಯ ನಿಧಿ ಇರಬೇಕು. ಲೆಕ್ಕಕ್ಕೆ ಸಾವಿರ ಎಕರೆ ಅಚ್ಚುಕಟ್ಟು, ಅಂದರೆ ನೀರು ಉಣ್ಣುವ ಜಮೀನು, ಅಂದುಕೊಳ್ಳಿ. ಎಕರೆಗೆ ವರ್ಷಕ್ಕೆ 300 ರೂಪಾಯಿ ಸೇರಿಸಿದರೆ ಮೂರು ಲಕ್ಷ. ಜೆಸಿಬಿಗೆ ಗಂಟೆಗೆ 1,200 ರೂಪಾಯಿ ಬಾಡಿಗೆ ಅಂದುಕೊಂಡರೆ 250 ಗಂಟೆಯ ಕೆಲಸ. ದಿನಕ್ಕೆ ಎಂಟು ಗಂಟೆಯಂತೆ ಒಂದು ತಿಂಗಳ ಮೇಲೆ ಯಂತ್ರ ಓಡುತ್ತದೆ. ಕೋಟಿಗಳ ಮುಂದೆ ಮೂರು ಲಕ್ಷ ಏನೂ ಅಲ್ಲ ಅನ್ನಿಸಬಹುದು. ಆದರೆ ಏಪ್ರಿಲ್ ಮೊದಲ ವಾರ ಬ್ಯಾಂಕಿನಲ್ಲಿರುವ ಮೂರು ಲಕ್ಷ, ಜುಲೈನಲ್ಲಿ ಮಂಜೂರಾಗುವ ಮೂವತ್ತು ಲಕ್ಷಕ್ಕಿಂತ ಕಾಲುವೆಗೆ ಹೆಚ್ಚು ಉಪಕಾರಿ.

ದೊಡ್ಡ ಯೋಜನೆಗಳ ಪಾಠ

ಹಳೇ ಕಾಲುವೆಗೆ ದೊಡ್ಡ ದುಡ್ಡು ಬಂದ ಉದಾಹರಣೆ ನಮ್ಮ ಹತ್ತಿರದಲ್ಲೇ ಇದೆ. ಹಂಪಿ, ಹೊಸಪೇಟೆ ಕಡೆಯ ವಿಜಯನಗರ ಕಾಲುವೆಗಳು ಇವತ್ತಿಗೂ ನೀರು ಹರಿಸುತ್ತವೆ. ಅವುಗಳ ಆಧುನೀಕರಣಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಸಿಕ್ಕಿತು. 2014ರಲ್ಲಿ ಒಪ್ಪಿಗೆಯಾದ ಆ ಕಾರ್ಯಕ್ರಮದಲ್ಲಿ ಭದ್ರಾ ಕಡೆಯ ಗೊಂದಿ ಕಾಲುವೆಯೂ ಇತ್ತು. ಒಳ್ಳೆಯ ಕೆಲಸ. ಆದರೆ ಅಂಥ ಬ್ಯಾಂಕುಗಳು ಸಾವಿರಾರು ಹೆಕ್ಟೇರಿನ, ನೂರಾರು ಕೋಟಿಯ ಯೋಜನೆಗೆ ಮಾತ್ರ ಕೈಹಾಕುತ್ತವೆ. ಒಂದು ತಾಲ್ಲೂಕಿನ ಕೆರೆ ತುಂಬಿಸುವ ಕಾಲುವೆ ಆ ಲೆಕ್ಕಕ್ಕೆ ಸಣ್ಣದು.

ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯಿಂದ ಇಳಿಯುವ ನಾಲೆಯ ಕಥೆ ಬೇರೆ. 2018ರಲ್ಲಿ ಕೇಂದ್ರ ಸರ್ಕಾರ, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಮತ್ತು ಐರೋಪ್ಯ ಒಕ್ಕೂಟ ಸೇರಿ ಶುರುಮಾಡಿದ ಸಿಟೀಸ್ ಕಾರ್ಯಕ್ರಮಕ್ಕೆ ದೇಶದ 12 ನಗರಗಳು ಆಯ್ಕೆಯಾದವು. ಅದರಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ನಾಲೆಯ ಪಕ್ಕದಲ್ಲಿ ಸೈಕಲ್ ದಾರಿ, ಕಾಲುದಾರಿ, ಹಸಿರು ಪಟ್ಟಿ ಮಾಡುವ ಯೋಜನೆ. ಪಟ್ಟಣದ ನಾಲೆಗೆ ಇಂಥ ದುಡ್ಡು ಹುಟ್ಟುವುದು ಅದು ಸಾವಿರಾರು ಜನರ ಕಣ್ಣ ಮುಂದೆ ಹರಿಯುವುದರಿಂದ. ಆದರೆ ಅಂಥ ಕಡೆಯೂ ಕಟ್ಟಿದ ಮೇಲೆ ನೋಡಿಕೊಳ್ಳುವ ಖರ್ಚು ಪ್ರತಿ ವರ್ಷ ಬೇಕೇ ಬೇಕು. ಹೊರಗಿನ ನೆರವು ಬರುವುದು ಕಟ್ಟುವ ತನಕ ಮಾತ್ರ.

ಇನ್ನು ಏತ ನೀರಾವರಿ. ಹಾನಗಲ್ ತಾಲ್ಲೂಕಿನಲ್ಲೇ ಬಾಳಂಬೀಡದಂಥ ಏತ ನೀರಾವರಿ ಯೋಜನೆ ಬಂದಿದೆ. ಕಾಲುವೆ ತಲುಪದ ಊರಿಗೆ ಅದು ಬೇಕೇ ಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಲ್ಲಿ ನೀರಿನ ಪ್ರತಿ ಹನಿಗೂ ಕರೆಂಟು ಸುಡಬೇಕು, ಮೋಟಾರು ಸುಟ್ಟರೆ ನೀರು ನಿಂತಿತು. ಇಳಿಜಾರಿನಲ್ಲಿ ತಾನಾಗೇ ಹರಿದುಬರುವ ನೀರಿನ ದಾರಿಯನ್ನು ಹೂಳಿಗೆ ಬಿಟ್ಟು, ಅದೇ ಕೆರೆಗೆ ನಾಳೆ ಪಂಪಿನಿಂದ ನೀರೆತ್ತುವ ಪರಿಸ್ಥಿತಿ ತಂದುಕೊಳ್ಳಬಾರದು. ಕಾಲುವೆಗೆ ವರ್ಷ ವರ್ಷ ಸ್ವಲ್ಪ ಖರ್ಚು ಮಾಡುವುದನ್ನು ಉಳಿತಾಯ ಅಂತಲೇ ನೋಡಬೇಕು.

ದೇಣಿಗೆ ಎತ್ತಿದರೆ ಆಗುತ್ತದೆಯೇ?

ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಮಠ ಕಟ್ಟಲು, ಶಾಲೆ ಕಟ್ಟಲು, ಜಾತ್ರೆಗೆ ಕೇಳಿದರೆ ಕೊಟ್ಟಿದ್ದಾರೆ. ಗದಗಿನಾಚೆ ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳವನ್ನು ಸ್ವಚ್ಛ ಮಾಡಿಸಿದಾಗ, ದುಡ್ಡು ಕೊಟ್ಟವರು, ಯಂತ್ರ ಕೊಟ್ಟವರು, ಮೈಮುರಿದು ದುಡಿದವರು ಎಲ್ಲರೂ ಬಂದರು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ನಮ್ಮೂರು ನಮ್ಮ ಕೆರೆ' ಕೆಲಸದಲ್ಲಿ ಊರಿನವರದ್ದೇ ಸಮಿತಿ ಇರುತ್ತದೆ, ಹೂಳನ್ನು ರೈತರು ತಮ್ಮ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ಯುತ್ತಾರೆ. ಸಾಗಾಟದ ಖರ್ಚು ಉಳಿಯುತ್ತದೆ, ಹೊಲಕ್ಕೆ ಗೋಡು ಮಣ್ಣು ಸಿಗುತ್ತದೆ. ಧರ್ಮಾ ಕಾಲುವೆಯ ಕೆರೆಗಳಿಗೂ ಇದೇ ಕ್ರಮ ಸರಿಹೊಂದುತ್ತದೆ.

ಆದರೆ ದೇಣಿಗೆಗೆ ಒಂದು ಮಿತಿ ಇದೆ. ಮೊದಲ ವರ್ಷ ಉತ್ಸಾಹದಿಂದ ಬರುತ್ತದೆ, ಫೋಟೋ ಬರುತ್ತದೆ, ಸನ್ಮಾನ ಆಗುತ್ತದೆ. ನಾಲ್ಕನೇ ವರ್ಷ ಅದೇ ಜಾಲಿ ಗಿಡ ಕಡಿಯಲು, ಅದೇ ಅಂತರಗಂಗೆ ತೆಗೆಯಲು ಯಾರೂ ದುಡ್ಡು ಕೊಡುವುದಿಲ್ಲ. ಅದು ಜನರ ತಪ್ಪಲ್ಲ. ಪ್ರತಿ ವರ್ಷದ ಖರ್ಚನ್ನು ದಾನದ ಮೇಲೆ ನಿಲ್ಲಿಸಬಾರದು ಅಷ್ಟೇ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡು, ಅಂದರೆ ಸಿಎಸ್‌ಆರ್, ಇದೆಯಲ್ಲ ಅಂತ ಹಲವರು ಹೇಳುತ್ತಾರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ 5 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಲಾಭ ಮಾಡುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಕೊಡಬೇಕು. ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಪರಿಸರ, ನೀರಿನ ರಕ್ಷಣೆ, ಪರಂಪರೆಯ ರಕ್ಷಣೆ ಎಲ್ಲವೂ ಪಟ್ಟಿಯಲ್ಲಿವೆ. ಹಾವೇರಿ ಜಿಲ್ಲೆಯಲ್ಲಿ ಕುಮಾರಪಟ್ಟಣ ಬಿಟ್ಟರೆ ದೊಡ್ಡ ಕಾರ್ಖಾನೆಗಳು ಕಮ್ಮಿ. ಧಾರವಾಡದ ಕಡೆ ಜಾಸ್ತಿ. ಕೇಳುವುದರಲ್ಲಿ ತಪ್ಪಿಲ್ಲ, ಕೇಳಲೇಬೇಕು. ಆದರೆ ಏನನ್ನು ಕೇಳಬೇಕು ಅನ್ನುವುದು ಗೊತ್ತಿರಬೇಕು. ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿಯಲ್ಲಿ ಕಾಲುವೆ ನೋಡಿಕೊಳ್ಳುತ್ತೇವೆ, ಮೂಲಧನ ಕೊಡಿ ಅಂತ ಕೇಳಿದರೆ ಕಂಪನಿಗೆ ಅದನ್ನು ಸಿಎಸ್‌ಆರ್ ಲೆಕ್ಕಕ್ಕೆ ತೋರಿಸಲು ಬರುವುದಿಲ್ಲ. 2021ರಲ್ಲಿ ನಿಯಮ ಬಿಗಿಯಾದ ಮೇಲೆ ಸಂಸ್ಥೆಯೊಂದರ ಮೂಲನಿಧಿಗೆ ಕೊಡುವ ದುಡ್ಡು ಲೆಕ್ಕಕ್ಕೆ ಸೇರುವುದಿಲ್ಲ. ಬಹುವರ್ಷದ ಯೋಜನೆಯಾದರೂ ಶುರುವಾದ ವರ್ಷ ಬಿಟ್ಟು ಮೂರು ವರ್ಷದೊಳಗೆ ಮುಗಿಯಬೇಕು. ಹಾಗಾಗಿ ಕಂಪನಿಯಿಂದ ಕೇಳಬೇಕಾದದ್ದು ಒಂದು ತೂಬಿನ ಬಾಗಿಲು, ನೀರು ಅಳೆಯುವ ಸಾಧನ, ಕುಸಿದ ಒಂದು ಸೇತುವೆ. ಒಂದು ಸಲ ಮಾಡಿ ಮುಗಿಸುವಂಥ ಕೆಲಸ.

ಪರಂಪರೆಯ ಹೆಸರಿನಲ್ಲಿ ದುಡ್ಡು ಎತ್ತುವ ಆಲೋಚನೆಯೂ ಇದೆ. ಹಾನಗಲ್ಲಿನ ತಾರಕೇಶ್ವರ ದೇವಸ್ಥಾನ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದೇ ಊರಿನ ಪಕ್ಕದ ಕಾಲುವೆಗೂ ಅಂಥ ಗೌರವ ಸಿಗಲಿ ಅನ್ನುವುದು ಸಹಜ. ಅಂತರರಾಷ್ಟ್ರೀಯ ನೀರಾವರಿ ಆಯೋಗ ನೂರು ವರ್ಷ ದಾಟಿದ ನೀರಾವರಿ ಕೆಲಸಗಳಿಗೆ ಪಾರಂಪರಿಕ ಮನ್ನಣೆ ಕೊಡುತ್ತದೆ. ತೆಲಂಗಾಣದ ಸದರ್‌ಮಾಟ್ ಒಡ್ಡಿಗೆ 2018ರಲ್ಲಿ, ಆಂಧ್ರದ ಕರ್ನೂಲು-ಕಡಪ ಕಾಲುವೆಗೆ 2020ರಲ್ಲಿ ಅದು ಸಿಕ್ಕಿತು. ಆ ಮನ್ನಣೆ ದುಡ್ಡು ತರುವುದಿಲ್ಲ, ಆದರೆ ದುಡ್ಡು ಕೇಳುವವರ ಮಾತಿಗೆ ತೂಕ ತರುತ್ತದೆ. ಒಂದೇ ಎಚ್ಚರ. ದೇವಸ್ಥಾನದ ಕಲ್ಲನ್ನು ಮುಟ್ಟದೇ ಕಾಪಾಡಬೇಕು, ಕಾಲುವೆಯನ್ನು ಪ್ರತಿ ವರ್ಷ ಅಗೆದು ಕಾಪಾಡಬೇಕು. ಸ್ಮಾರಕದ ನಿಯಮವನ್ನು ಕಾಲುವೆಗೆ ಹಾಗೇ ಹಾಕಿದರೆ ಹೂಳು ತೆಗೆಯಲೂ ದಿಲ್ಲಿಯ ಅನುಮತಿ ಕೇಳಬೇಕಾದೀತು.

ಕೈಯಲ್ಲೇ ಇರುವ ಕಾನೂನು

ನಮಗೆ ಹೊಸ ಕಾಯ್ದೆ ಬೇಕಿಲ್ಲ. 2000ನೇ ಇಸವಿಯಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಜಾಗ ಮಾಡಿಕೊಟ್ಟರು. ಸಂಘ ಇಲಾಖೆಯಿಂದ ಸಗಟಾಗಿ ನೀರು ಪಡೆಯಬಹುದು, ಸದಸ್ಯರಿಗೆ ಹಂಚಬಹುದು, ಶುಲ್ಕ ವಸೂಲು ಮಾಡಬಹುದು, ತನ್ನ ಪಾಲನ್ನು ನಿರ್ವಹಣೆಗೆ ಇಟ್ಟುಕೊಳ್ಳಬಹುದು. ಹಲವು ಸಂಘ ಸೇರಿ ವಿತರಣಾ ಕಾಲುವೆಯ ಮಟ್ಟದಲ್ಲಿ, ಇಡೀ ಯೋಜನೆಯ ಮಟ್ಟದಲ್ಲಿ ಒಕ್ಕೂಟ ಮಾಡಿಕೊಳ್ಳಬಹುದು. ತರಬೇತಿ ಕೊಡಲು ಧಾರವಾಡದಲ್ಲೇ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಅಂದರೆ ವಾಲ್ಮಿ, ಇದೆ. ಹಾನಗಲ್ಲಿನವರು ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವಷ್ಟು ಹತ್ತಿರ.

ರಾಜ್ಯದಲ್ಲಿ ಇಂಥ ಸಂಘಗಳು ಬಹಳ ನೋಂದಣಿಯಾದವು. ಎಷ್ಟೋ ಕಡೆ ಬೋರ್ಡು, ರಬ್ಬರ್ ಸ್ಟಾಂಪು ಮಾತ್ರ ಉಳಿದವು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಹಾಳಾದ ಕಾಲುವೆಯನ್ನು ಸಂಘದ ತಲೆಗೆ ಕಟ್ಟಿದರೆ ಸಂಘ ಏನು ಮಾಡೀತು? ನಾಸಿಕ್ ಜಿಲ್ಲೆಯ ವಾಘಾಡ್ ಯೋಜನೆಯಲ್ಲಿ 1990ರ ದಶಕದಲ್ಲಿ ಶುರುವಾದ ರೈತ ಸಂಘಗಳು ಮುಂದೆ ಒಕ್ಕೂಟವಾಗಿ ಇಡೀ ಯೋಜನೆಯ ನೀರು ಹಂಚಿಕೆಯನ್ನೇ ಕೈಗೆ ತೆಗೆದುಕೊಂಡವು. ಅಲ್ಲಿ ಕೆಲಸ ಶುರುವಾದದ್ದು ಕಾಲುವೆಯ ತುದಿಯಿಂದ, ನೀರು ಸಿಗದೇ ಬೇಸತ್ತವರಿಂದ. ನೀರನ್ನು ಅಳತೆ ಮಾಡಿ ಕೊಟ್ಟರು, ಅಳತೆಗೆ ತಕ್ಕಂತೆ ದುಡ್ಡು ಪಡೆದರು.

ಸಹಕಾರ ನಮ್ಮ ಸೀಮೆಗೆ ಹೊಸದೂ ಅಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ದೇಶಕ್ಕೇ ದಾರಿ ತೋರಿಸಿದ ಸಂಘ ಅದು. ಇವತ್ತು ಊರೂರಿನಲ್ಲಿ ಕೃಷಿ ಪತ್ತಿನ ಸಂಘ ಇದೆ, ಬೆಳೆಸಾಲಕ್ಕೆ ರೈತರು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗೇ ಹೋಗುತ್ತಾರೆ. ಕಾಲುವೆಯ ಶುಲ್ಕವನ್ನೂ ಅಲ್ಲೇ ಕಟ್ಟುವಂತಾದರೆ ವಸೂಲಿಗೆ ಬೇರೆ ಜನ ಬೇಕಾಗುವುದಿಲ್ಲ.

ಯಾರು ಕೊಡಬೇಕು?

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಚ್ಚುಕಟ್ಟಿನ ರೈತರಷ್ಟೇ ಕೊಡಬೇಕು ಅನ್ನುವುದು ಹಳೇ ಲೆಕ್ಕ. ಹಾನಗಲ್ ಕಡೆ ಭತ್ತದ ಗದ್ದೆಗಳು ಎಷ್ಟೋ ಅಡಿಕೆ ತೋಟಗಳಾಗಿವೆ. ತೋಟದವರು "ನಂಗ ಕಾಲುವಿ ನೀರ ಬ್ಯಾಡ, ಬೋರ್ ಐತಿ" ಅನ್ನುತ್ತಾರೆ. ಆದರೆ ಆ ಬೋರ್‌ವೆಲ್‌ನಲ್ಲಿ ನೀರು ಉಳಿದಿರುವುದು ಪಕ್ಕದ ಕೆರೆ ತುಂಬುವುದರಿಂದ, ಕೆರೆ ತುಂಬುವುದು ಕಾಲುವೆಯಿಂದ. ಹೆಚ್ಚು ಆದಾಯದ ಬೆಳೆ ಬೆಳೆಯುವವರು, ಕಾಲುವೆಯ ನೀರನ್ನು ಭೂಮಿಯೊಳಗಿನಿಂದ ಬಳಸುವವರು ನಿಧಿಯಿಂದ ಹೊರಗೆ ಉಳಿಯಬಾರದು. ಕೆರೆಯ ಮೀನಿನ ಹರಾಜಿನಿಂದ ಬರುವ ದುಡ್ಡಿನಲ್ಲಿ ಒಂದು ಪಾಲು, ಆ ಕೆರೆಗೆ ನೀರು ತರುವ ಕಾಲುವೆಗೆ ಸಲ್ಲಬೇಕು. ಕುಡಿಯುವ ನೀರಿಗೆ ಕೆರೆ ನಂಬಿದ ಊರುಗಳ ಪಂಚಾಯ್ತಿಯೂ ಕೊಡಬೇಕು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೈರ್ಮಲ್ಯ, ಕುಡಿಯುವ ನೀರು, ಮಳೆನೀರು ಸಂಗ್ರಹಕ್ಕೇ ಮೀಸಲಿಟ್ಟಿದ್ದರು. ಪಂಚಾಯ್ತಿ ಮನಸ್ಸು ಮಾಡಿದರೆ ಇಂಥ ಅನುದಾನದಲ್ಲಿ ಕೆರೆಗೆ ಜಾಗ ಸಿಗುತ್ತದೆ.

ತಲೆಯ ಕಡೆ ಇರುವವರು, ಅಂದರೆ ನೀರು ಮೊದಲು ಸಿಗುವವರು, ಮೊದಲು ಕೊಡಬೇಕು. ತುದಿಯವರಿಂದ ಅವರ ಕೆರೆಗೆ ನೀರು ತಲುಪಿದ ವರ್ಷ ಮಾತ್ರ ಕೇಳಬೇಕು. ಇದನ್ನು ಸಂಘದ ಬೈಲಾದಲ್ಲೇ ಬರೆಯಬೇಕು. ಮೇಲಿನವರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ನನಗೆ ಗೊತ್ತು. ಕಾಲುವೆಗೆ ಪಂಪ್ ಇಟ್ಟು ನೀರೆತ್ತುವ ಜಗಳವೂ ಇಲ್ಲಿಂದಲೇ ಶುರುವಾಗುವುದು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಮಾಡಿ ಅಕ್ರಮವಾಗಿ ನೀರೆತ್ತುವವರ ಶಿಕ್ಷೆ ಹೆಚ್ಚಿಸಿದರು. ಪೊಲೀಸರನ್ನು ಕರೆದು ಕಾಲುವೆ ಕಾಯುವುದು ಕೊನೆಯ ದಾರಿ. ಅದಕ್ಕಿಂತ ಮುಂಚೆ, ನೀರು ಬಿಡುವ ದಿನ ತಲೆಯವರು, ತುದಿಯವರು ಇಬ್ಬರೂ ಕಾಲುವೆಯ ಮೇಲೆ ನಡೆದು ನೋಡುವ ಪದ್ಧತಿ ಬರಲಿ.

ಕೂಲಿಯಿಂದ ಆಗುವ ಕೆಲಸಕ್ಕೆ ಉದ್ಯೋಗ ಖಾತರಿಯ ದುಡ್ಡು ಇದೆ. 2005ರ ನರೇಗಾ ಕಾಯ್ದೆಯ ಪಟ್ಟಿಯಲ್ಲಿ ನೀರಾವರಿ ಕಾಲುವೆಯ ನಿರ್ವಹಣೆ, ಹಳೇ ಕೆರೆಗಳ ಹೂಳು ತೆಗೆಯುವುದು ಎರಡೂ ಇದ್ದವು. ಕೂಲಿಗೆ ಶೇ 60, ಸಾಮಗ್ರಿಗೆ ಶೇ 40 ಅನ್ನುವ ಲೆಕ್ಕ ಇತ್ತು. ಗುತ್ತಿಗೆದಾರರಿಗೆ ಅವಕಾಶ ಇರಲಿಲ್ಲ. ಯೋಜನೆಯ ಹೆಸರು, ರೂಪ ಏನೇ ಆಗಲಿ, ಬೇಸಿಗೆಯಲ್ಲಿ ಕೂಲಿ ಬೇಕಾದವರಿಗೆ ಕಾಲುವೆಯಲ್ಲೇ ಕೆಲಸ ಸಿಗುವುದು ಕೂಲಿಯವರಿಗೂ ರೈತರಿಗೂ ಒಳ್ಳೆಯದು. ಗೇಟು, ಒಡ್ಡು, ದೊಡ್ಡ ಗೋಡೆಗಳ ಖರ್ಚು ಮಾತ್ರ ಸರ್ಕಾರದ್ದೇ. ಅದನ್ನು ರೈತರ ಮೇಲೆ ಹಾಕುವ ಮಾತು ಯಾರಾದರೂ ಎತ್ತಿದರೆ ವಿರೋಧಿಸಬೇಕು.

ಇನ್ನೊಂದು ವಿಷಯ ಯಾವ ಅರ್ಜಿಯಲ್ಲೂ ಇರುವುದಿಲ್ಲ. ನೀರು ನಿಲ್ಲುವುದು ಉತ್ತರ ಕನ್ನಡ ಜಿಲ್ಲೆಯಲ್ಲಿ, ಬಳಕೆಯಾಗುವುದು ಹೆಚ್ಚಾಗಿ ಹಾವೇರಿ ಜಿಲ್ಲೆಯಲ್ಲಿ. 1997ರವರೆಗೆ ಹಾನಗಲ್ ಧಾರವಾಡ ಜಿಲ್ಲೆಯಲ್ಲಿತ್ತು, ಆಗಲೂ ಜಲಾಶಯ ಬೇರೆ ಜಿಲ್ಲೆಯದ್ದೇ. ಮಳಗಿ ಸುತ್ತಲಿನ ಕಾಡು ಬೋಳಾದರೆ ಹೂಳು ಇಳಿಯುವುದು ಜಲಾಶಯಕ್ಕೆ, ಕಡಿಮೆಯಾಗುವುದು ಹಾನಗಲ್ಲಿನ ನೀರು. ನಿಧಿಯಲ್ಲಿ ಸಣ್ಣದೊಂದು ಪಾಲು ಮೇಲಿನ ಕಾಡಂಚಿನ ಊರುಗಳಿಗೂ ಹೋಗಬೇಕು. ಇಂಗುಗುಂಡಿ, ಗಿಡ ನೆಡುವುದು, ಮಣ್ಣು ತಡೆಯುವ ಸಣ್ಣ ಒಡ್ಡು ಇಂಥವಕ್ಕೆ. ಎರಡೂ ಜಿಲ್ಲೆಗಳು ಬೆಳಗಾವಿ ವಿಭಾಗಕ್ಕೇ ಸೇರಿವೆ. ಪ್ರಾದೇಶಿಕ ಆಯುಕ್ತರು ಕರೆದರೆ ಎರಡೂ ಕಡೆಯ ಅಧಿಕಾರಿಗಳು, ಎರಡೂ ಕಡೆಯ ರೈತರು ಒಂದೇ ಮೇಜಿನ ಮುಂದೆ ಕೂರಬಹುದು.

ಶುರು ಮಾಡಲು ಇಡೀ ಕಾಲುವೆಯೇ ಬೇಕಿಲ್ಲ. ತುದಿಯ ಒಂದು ಕೆರೆ ಹಿಡಿದುಕೊಳ್ಳಿ. ಅದಕ್ಕೆ ನೀರು ಬರುವ ದಾರಿಯಲ್ಲಿ ಎಲ್ಲೆಲ್ಲಿ ಹೂಳಿದೆ, ಎಲ್ಲಿ ದಂಡೆ ಕುಸಿದಿದೆ, ಎಲ್ಲಿ ಒತ್ತುವರಿಯಾಗಿದೆ ಅಂತ ನಡೆದು ಬರೆದುಕೊಳ್ಳಿ. ಜನವರಿಯಲ್ಲಿ ಆ ಪಟ್ಟಿ ಗ್ರಾಮಸಭೆಯ ಮುಂದೆ ಬರಲಿ, ಫೆಬ್ರುವರಿಯಲ್ಲಿ ದುಡ್ಡು ಸೇರಲಿ, ಏಪ್ರಿಲ್‌ನಲ್ಲಿ ಯಂತ್ರ ಇಳಿಯಲಿ. ಯಾರು ಎಷ್ಟು ಕೊಟ್ಟರು, ಯಾವ ಗಂಟೆಗೆ ಎಷ್ಟು ಬಾಡಿಗೆ ಹೋಯಿತು ಅನ್ನುವ ಲೆಕ್ಕ ಪಂಚಾಯ್ತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರಲಿ. ಆ ಮಳೆಗಾಲದಲ್ಲಿ ಆ ಒಂದು ಕೆರೆಗೆ ನೀರು ತಲುಪಿದರೆ ಎರಡನೇ ಕೆರೆಯವರನ್ನು ಕೂರಿಸಿ ಮಾತಾಡುವುದು ಸುಲಭವಾಗುತ್ತದೆ. ತಲುಪದಿದ್ದರೆ ಎಲ್ಲಿ ನಿಂತಿತು ಅನ್ನುವುದಾದರೂ ಗೊತ್ತಾಗುತ್ತದೆ, ಮುಂದಿನ ಏಪ್ರಿಲ್‌ನ ಕೆಲಸ ಅಲ್ಲಿಂದಲೇ ಹಿಡಿಯಬಹುದು.